ಸಹಾಯ ಬೇಕು: ಹಂಚೇ ಇರಲಾ, ಶೀಟ್ ಹಾಕಿಸಲಾ?

ನಮಸ್ಕಾರ. ಗೋವಾದ ಫೋಂಡಾ ಹತ್ತಿರ ನಮ್ಮದು ಹಳೇ ಮಂಗಳೂರು ಹಂಚಿನ ಮನೆ. ಹೋದ ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ಮೂರು ಬಕೆಟ್ ಇಟ್ಟು ದಿನ ದೂಡಿದೆವು. ಮೇಲೆ ಹತ್ತಿ ನೋಡಿದರೆ ಹಂಚು ಒಡೆದದ್ದು ಕಡಿಮೆ, ಜಾರಿದ್ದೇ ಜಾಸ್ತಿ. ಸಂದಿಯಲ್ಲಿ ಎಲೆ, ಪಾಚಿ ತುಂಬಿ ನೀರು ಒಳಗೆ ಇಳಿಯುತ್ತಿದೆ. ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಎರಡು ಗೆದ್ದಲು ತಿಂದಿದೆ. ರೀಪನ್ನು ಹೊರುವ ಇಳಿಜಾರು ಮರಗಳು, ಪಕ್ಕಾಸುಗಳು, ಗಟ್ಟಿಯಾಗಿವೆ, ಪುಣ್ಯ.

ಮೇಸ್ತ್ರಿ ಎಲ್ಲ ಕಿತ್ತು ಶೀಟ್ ಹಾಕಿಸಿ ಎನ್ನುತ್ತಾರೆ. ಏಪ್ರಿಲ್ ಸೆಕೆಯಲ್ಲಿ ಅದರಡಿ ಬೇಯಬೇಕು, ಮಳೆ ಸದ್ದಿಗೆ ಮಾತೂ ಕೇಳಿಸುವುದಿಲ್ಲ, ಅಲ್ವಾ? ನನಗಂತೂ ಹಂಚೇ ಇಷ್ಟ. ಹಂಚು ಇಳಿಸಿ, ತೊಳೆದು, ರೀಪು ಬದಲಿಸಿ ಮತ್ತೆ ಹೊದಿಸುವವರು ಮಡಗಾಂವ್ ಕಡೆ ಯಾರಾದರೂ ಗೊತ್ತಾ? ಹಳೇ ಅಳತೆಯ ಹಂಚು ಎಲ್ಲಿ ಸಿಗುತ್ತದೆ? ಹೊಸದು ಹಳೆಯದರ ಜೊತೆ ಸರಿಯಾಗಿ ಕೂರುತ್ತಿಲ್ಲ. ಜೂನ್‌ಗೆ ಮಳೆ ಶುರು, ಅಷ್ಟರೊಳಗೆ ಮುಗಿಸಬೇಕು.