ಗರಿಗರಿ ಸೀಗಡಿ, ಕೆನೆಯಂಥ ಖಾರದ ಸಾಸ್: ಕೊಡಗಿನ ಮಳೆಯಲ್ಲಿ ಮೆತ್ತಗಾಗದಂತೆ ಮಾಡುವುದು ಹೇಗೆ?

ಪ್ರಶ್ನೆ: ವಿರಾಜಪೇಟೆಯಿಂದ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೋಟೆಲುಗಳಲ್ಲಿ ಡೈನಮೈಟ್ ಪ್ರಾನ್ಸ್ ಅಥವಾ ಬ್ಯಾಂಗ್ ಬ್ಯಾಂಗ್ ಶ್ರಿಂಪ್ ಎಂಬ ಹೆಸರಿನಲ್ಲಿ ಬಡಿಸುವ ಸೀಗಡಿಯನ್ನು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಬರುವ ನೆಂಟರಿಗಾಗಿ ಮನೆಯಲ್ಲೇ ಮಾಡಬೇಕೆಂದಿದ್ದೇನೆ. ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬಿಟ್ಟು (ಅಕ್ಕಿ ತರಿಯ ಉಂಡೆ) ಹೇಗೂ ಇರುತ್ತವೆ. ಊಟಕ್ಕೆ ಮುಂಚೆ ಮಕ್ಕಳಿಗೆ ಇದೊಂದಿರಲಿ ಎಂಬ ಆಸೆ. ಸೀಗಡಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಮೈದಾ ಮತ್ತು ಕಾರ್ನ್‌ಫ್ಲೋರನ್ನು ಸಮನಾಗಿ ಬೆರೆಸಿದ ಹಿಟ್ಟಿನಲ್ಲಿ ಹೊರಳಿಸಿ ಕರಿದರೆ, ಬಾಣಲೆಯಿಂದ ತೆಗೆದಾಗ ಚೆನ್ನಾಗಿಯೇ ಇರುವುದು ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ. ಸಾಸ್ ಬೆರೆಸಿದ ಮೇಲಂತೂ ಹೊದಿಕೆ ಕಳಚಿ ತಳದಲ್ಲಿ ನೀರು ನಿಲ್ಲುತ್ತದೆ. ಇದು ಹಿಟ್ಟಿನ ದೋಷವೋ, ಮಳೆಗಾಲದ ದೋಷವೋ? ಎತ್ತರದ ಊರಾದ್ದರಿಂದ ಎಣ್ಣೆ ಸರಿಯಾಗಿ ಕಾಯುವುದಿಲ್ಲ ಎಂದೂ ಒಬ್ಬರು ಹೇಳಿದರು. ಮನೆಯಲ್ಲಿ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಡಿಕೇರಿಯಿಂದ

ಎತ್ತರದ ವಿಷಯವನ್ನು ಮೊದಲೇ ಬದಿಗಿಡೋಣ. ಮಡಿಕೇರಿಯಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದು ನಿಜವಾದರೂ, ಒಲೆಯ ಮೇಲಿನ ಎಣ್ಣೆ ಇಲ್ಲಿಯೂ ಮಂಗಳೂರಿನಲ್ಲಿಯೂ 180 ಡಿಗ್ರಿಗೆ ಒಂದೇ ರೀತಿ ಏರುತ್ತದೆ. ಬೇಳೆ ಬೇಯಿಸುವಾಗ ಎತ್ತರದ ಲೆಕ್ಕ ಬೇಕು, ಸೀಗಡಿ ಕರಿಯುವಾಗ ಬೇಡ.

ನೀವು ಬರೆದಿರುವ ತೊಂದರೆಗಳೆಲ್ಲಕ್ಕೂ ನೀರೇ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಸೀಗಡಿಯೊಳಗಿನ ನೀರು, ಮಜ್ಜಿಗೆಯ ನೀರು, ಕರಿದ ಮೇಲೆ ಹೊರಬರುವ ಹಬೆ, ಸಾಸ್‌ನ ತೇವ, ಇವುಗಳ ಮೇಲೆ ನಮ್ಮ ಗಾಳಿಯ ಪಸೆ. ಹಿಟ್ಟನ್ನು ಬದಲಿಸುವುದಕ್ಕಿಂತ ಮೊದಲು ಈ ಒಂದೊಂದನ್ನೂ ಕಡಿಮೆ ಮಾಡುತ್ತಾ ಬನ್ನಿ.

ಸಿಪ್ಪೆ ಮತ್ತು ಬೆನ್ನಿನ ಕಪ್ಪು ನರ ತೆಗೆದ ಅರ್ಧ ಕಿಲೋ ಸೀಗಡಿಗೆ ಅರ್ಧ ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ ಸವರಿ 20 ನಿಮಿಷ ಫ್ರಿಜ್‌ನಲ್ಲಿಡಿ. ಚೀನೀ ಅಡುಗೆಯವರ ಈ ಕ್ರಮದಿಂದ ಮಾಂಸದ ಕ್ಷಾರಗುಣ ತುಸು ಹೆಚ್ಚಿ, ಕರಿಯುವಾಗ ಅದು ಬಿಗಿದುಕೊಂಡು ನೀರು ಬಿಡುವುದು ಕಡಿಮೆಯಾಗುತ್ತದೆ. ಕಚ್ಚಿದಾಗ ಹೋಟೆಲಿನಲ್ಲಿ ಸಿಗುವ ಆ ಗಟ್ಟಿ ಹಿಡಿತವೂ ಬರುತ್ತದೆ. ಬಳಿಕ ತಣ್ಣೀರಿನಲ್ಲಿ ತೊಳೆದು, ಹಳೆಯ ಹತ್ತಿ ಪಂಚೆಯ ತುಂಡಿನ ಮೇಲೆ ಒಂದೇ ಪದರದಲ್ಲಿ ಹರಡಿ, ಮೇಲೊಂದು ತುಂಡು ಹೊದಿಸಿ ಅಂಗೈಯಿಂದ ಒತ್ತಿರಿ. ಬಟ್ಟೆ ಒದ್ದೆಯಾದರೆ ಬದಲಿಸಿ ಮತ್ತೊಮ್ಮೆ ಒತ್ತಿರಿ. ಬೆರಳಿಗೆ ಜಾರುತ್ತಿದ್ದ ಸೀಗಡಿ ಅಂಟಿದಂತೆ ಹತ್ತತೊಡಗಿದರೆ ಒಣಗಿದೆ ಎಂದರ್ಥ. ಹೆಚ್ಚಿನವರು ಬಿಟ್ಟುಬಿಡುವುದು ಈ ಕೆಲಸವನ್ನೇ.

ಮಜ್ಜಿಗೆಯಲ್ಲಿ ಮುಳುಗಿಸುವುದು ಬೇಡ. ಒಂದು ಮೊಟ್ಟೆಯ ಬಿಳಿಭಾಗವನ್ನಾಗಲಿ, ಮೂರು ಟೇಬಲ್ ಚಮಚ ಗಟ್ಟಿ ಮಜ್ಜಿಗೆಯನ್ನಾಗಲಿ ತೆಳುವಾಗಿ ಸವರಿದರೆ ಸಾಕು. ಹಿಟ್ಟಿಗೆ ಅರ್ಧ ಕಪ್ ಕಾರ್ನ್‌ಫ್ಲೋರ್, ಕಾಲು ಕಪ್ ನುಣ್ಣನೆಯ ಅಕ್ಕಿ ಹಿಟ್ಟು, ಉಪ್ಪು, ಹೊಸದಾಗಿ ಪುಡಿ ಮಾಡಿದ ನಮ್ಮ ತೋಟದ ಕರಿಮೆಣಸು. ಮೈದಾದಲ್ಲಿರುವ ಗ್ಲುಟೆನ್ ತೇವ ತಾಗಿದೊಡನೆ ನಾರಿನಂತೆ ಎಳೆದುಕೊಳ್ಳುವುದರಿಂದ ಹೊದಿಕೆ ತಣಿದಂತೆ ಜಗಿಯುವಂತಾಗುತ್ತದೆ; ಕಾರ್ನ್‌ಫ್ಲೋರ್‌ನಲ್ಲಾಗಲಿ ಅಕ್ಕಿಯಲ್ಲಾಗಲಿ ಆ ಗ್ಲುಟೆನ್ ಇಲ್ಲ. ಅಚ್ಚಖಾರದ ಪುಡಿಯನ್ನು ಹಿಟ್ಟಿಗೆ ಬೆರೆಸಬೇಡಿ, ಎಣ್ಣೆಯಲ್ಲಿ ಸೀದು ಕಹಿಯಾಗುತ್ತದೆ; ಖಾರವೆಲ್ಲ ಸಾಸ್‌ನಲ್ಲಿರಲಿ. ಹಿಟ್ಟಿನಲ್ಲಿ ಹೊರಳಿಸಿದ ಸೀಗಡಿಯನ್ನು ಐದಾರು ನಿಮಿಷ ಹಾಗೆಯೇ ಬಿಟ್ಟರೆ ಹಿಟ್ಟು ಪಸೆ ಹೀರಿ ಮೈಗೆ ಕಚ್ಚಿಕೊಳ್ಳುತ್ತದೆ. ಅನಂತರ ಇನ್ನೊಮ್ಮೆ ಒಣಹಿಟ್ಟು ಉದುರಿಸಿ, ಕೊಡವಿ, ಎಣ್ಣೆಗೆ ಬಿಡಿ. ಹೊದಿಕೆ ಕಳಚುವ ತೊಂದರೆ ಇಲ್ಲಿಗೆ ಮುಗಿಯುತ್ತದೆ.

ಎಣ್ಣೆ 175ರಿಂದ 180 ಡಿಗ್ರಿಯಲ್ಲಿರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರದ ಸೌಟಿನ ಹಿಡಿಯನ್ನು ಎಣ್ಣೆಗೆ ಇಳಿಸಿ. ಅದರ ಸುತ್ತ ಸಣ್ಣ ಗುಳ್ಳೆಗಳು ಬಿಡುವಿಲ್ಲದೆ ಏಳುತ್ತಿದ್ದರೆ ಹದ ಬಂದಿದೆ. ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ ಸಾಕು. ಒಮ್ಮೆಗೆ ಎಂಟು ಹತ್ತಕ್ಕಿಂತ ಹೆಚ್ಚು ಹಾಕಿದರೆ ಎಣ್ಣೆ ತಣಿದು ಸೀಗಡಿ ತನ್ನ ನೀರಿನಲ್ಲೇ ಬೇಯುತ್ತದೆ. ಎರಡರಿಂದ ಎರಡೂವರೆ ನಿಮಿಷ ಸಾಕು: ಕುಡುಗೋಲಿನಂತೆ ಬಾಗಿದಾಗ ತೆಗೆದರೆ ಮೃದು, ಚಕ್ಕುಲಿಯಂತೆ ಸುತ್ತಿಕೊಳ್ಳುವವರೆಗೆ ಬಿಟ್ಟರೆ ರಬ್ಬರು. ತೆಗೆದದ್ದನ್ನು ಕಾಗದದ ಮೇಲೆ ರಾಶಿ ಹಾಕದೆ, ಜಾಲರಿ ಸ್ಟ್ಯಾಂಡಿನ ಮೇಲೆ ಬಿಡಿಬಿಡಿಯಾಗಿ ಇಡಿ. ಕಾಗದದ ಮೇಲಿಟ್ಟರೆ ಕೆಳಗಿನ ಹಬೆಗೆ ಹೋಗಲು ದಾರಿಯಿಲ್ಲದೆ ಅಡಿಯ ಹೊದಿಕೆ ಒದ್ದೆಯಾಗುತ್ತದೆ.

ಉತ್ತರ: ಗೋಣಿಕೊಪ್ಪದಿಂದ

ಮೇಲಿನವರು ಅಡುಗೆಯ ವಿಷಯ ಹೇಳಿದ್ದಾರೆ, ನಾನು ಕೊಳ್ಳುವ ವಿಷಯ ಬರೆಯುತ್ತೇನೆ. ನಮ್ಮ ಜಿಲ್ಲೆಗೆ ಕಡಲಿಲ್ಲ. ದಕ್ಷಿಣ ಕೊಡಗಿಗೆ ಮೀನು ಹೆಚ್ಚಾಗಿ ಮಾಕುಟ್ಟ ಘಾಟಿ ಹತ್ತಿ ಕಣ್ಣೂರು, ತಲಶ್ಶೇರಿ ಕಡೆಯಿಂದಲೂ, ಮಡಿಕೇರಿಗೆ ಸಂಪಾಜೆ ಮೇಲಾಗಿ ಮಂಗಳೂರಿನಿಂದಲೂ ಬರುತ್ತದೆ. ಘಾಟಿಯಲ್ಲಿ ಗುಡ್ಡ ಜರಿದ ವಾರ ಮಂಜುಗಡ್ಡೆಯಲ್ಲಿ ಉಳಿದದ್ದೇ ಮಾರಾಟಕ್ಕೆ ಬರುವುದರಿಂದ, ಆ ವಾರ ಹಸಿ ಸೀಗಡಿಯ ಆಸೆ ಬಿಡುವುದು ಒಳ್ಳೆಯದು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ನಿಮ್ಮ ಹಬ್ಬ ಸೆಪ್ಟೆಂಬರಿನ ಆರಂಭದಲ್ಲಿರುವುದರಿಂದ ಆ ಹೊತ್ತಿಗೆ ದೋಣಿಗಳು ಕಡಲಿಗಿಳಿದು ತಿಂಗಳಾಗಿರುತ್ತದೆ.

ತಲೆ ಮೈಗೆ ಗಟ್ಟಿಯಾಗಿ ಅಂಟಿಕೊಂಡಿರಬೇಕು, ಚಿಪ್ಪಿಗೆ ಹೊಳಪಿರಬೇಕು, ಅಮೋನಿಯದ ವಾಸನೆ ಸುಳಿಯಬಾರದು. ತಲೆಯ ಬಳಿ ಕಪ್ಪು ಕಲೆ ಹರಡಿದ್ದರೆ ಹಿಡಿದು ಬಹಳ ಹೊತ್ತಾಗಿದೆ ಎಂದು ತಿಳಿಯಿರಿ. ಕಿಲೋಗೆ 30–40 ಬರುವ ಗಾತ್ರ ಈ ಅಡುಗೆಗೆ ಹಿತ. ಅದಕ್ಕಿಂತ ಸಣ್ಣದು ಹೊದಿಕೆ ಗರಿಯಾಗುವ ಮೊದಲೇ ಬೆಂದು ಬಿರುಸಾಗುತ್ತದೆ. ತಲೆ, ಚಿಪ್ಪು ತೆಗೆದರೆ ತೂಕ ಅರ್ಧಕ್ಕೆ ಇಳಿಯುವುದನ್ನು ನೆನಪಿಟ್ಟು ಕೊಳ್ಳಿ.

ಫ್ರೋಜನ್ ಪೊಟ್ಟಣವನ್ನೇನೂ ನಾನು ಕೀಳು ಎನ್ನುವುದಿಲ್ಲ. ಸಾಕಣೆಯ ವನ್ನಾಮಿ ಸೀಗಡಿ ವರ್ಷವಿಡೀ ಒಂದೇ ಗಾತ್ರದಲ್ಲಿ ಸಿಗುತ್ತದೆ, ಎಷ್ಟೋ ಸಲ ಸಂತೆಯ ‘ಹಸಿ’ ಮಾಲಿಗಿಂತ ಅದೇ ಮೇಲು. ಆದರೆ ಅದರ ಮೇಲೆ ಮಂಜಿನ ಲೇಪವಿರುವುದರಿಂದ ಪೊಟ್ಟಣದ ಮೇಲೆ ನಿವ್ವಳ ತೂಕ ಎಷ್ಟೆಂದು ನೋಡಿ. ಟ್ರೈಪಾಲಿಫಾಸ್ಫೇಟ್ ಎಂದು ಬರೆದಿದ್ದರೆ ಸೀಗಡಿ ಹೆಚ್ಚುವರಿ ನೀರು ಹೀರಿಕೊಂಡಿದೆ ಎಂದು ಅರ್ಥ. ಅಂಥದ್ದು ಬಾಣಲೆಯಲ್ಲಿ ಆ ನೀರನ್ನೆಲ್ಲ ಕಾರುತ್ತದೆ. ಬಿಸಿನೀರಿಗೆ ಹಾಕಿ ಕರಗಿಸಬಾರದು. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಭಾಗದಲ್ಲಿ ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟರೆ ನೀರು ತಾನಾಗಿ ಬಸಿಯುತ್ತದೆ.

ಉತ್ತರ: ಸೋಮವಾರಪೇಟೆಯಿಂದ

ಎರಡು ಸಲ ಕರಿಯಬೇಕು ಎಂದು ಯಾರಾದರೂ ಹೇಳುವ ಮೊದಲೇ ನನ್ನ ಮಾತು ಬರೆದಿಡುತ್ತೇನೆ. ಕೋಳಿಗೆ ಅದು ಸರಿ, ಸೀಗಡಿಗೆ ಸರಿಯಲ್ಲ. ಎರಡನೆಯ ಸಲ ಹೊದಿಕೆ ಗರಿಯಾಗುವುದೇನೋ ನಿಜ, ಒಳಗಿನ ಸೀಗಡಿ ಮಾತ್ರ ಒಣಗಿ ಹೋಗುತ್ತದೆ. ಕಿಲೋಗೆ ಇಪ್ಪತ್ತರಷ್ಟು ದೊಡ್ಡದು ಸಿಕ್ಕಿದರೆ ಆ ಮಾತು ಬೇರೆ.

ಉತ್ತರ: ಕುಶಾಲನಗರದಿಂದ

ಸಾಸ್ ಬಗ್ಗೆ ಯಾರೂ ಬರೆಯದಿರುವುದರಿಂದ ಅದನ್ನು ನಾನು ವಹಿಸಿಕೊಳ್ಳುತ್ತೇನೆ. ಈ ತಿನಿಸನ್ನು ಬ್ಯಾಂಗ್ ಬ್ಯಾಂಗ್ ಶ್ರಿಂಪ್ ಎಂಬ ಹೆಸರಿನಲ್ಲಿ ಪ್ರಸಿದ್ಧಗೊಳಿಸಿದ್ದು ಅಮೆರಿಕದ ಬೋನ್‌ಫಿಶ್ ಗ್ರಿಲ್ ಎಂಬ ಹೋಟೆಲ್ ಸರಣಿ. ಮನೆಗಳಲ್ಲಿ ರೂಢಿಯಾಗಿರುವ ಅಳತೆ ಸರಳವಾದದ್ದು: ಅರ್ಧ ಕಪ್ ಮಯೋನೀಸ್, ಕಾಲು ಕಪ್ ಥಾಯ್ ಸ್ವೀಟ್ ಚಿಲ್ಲಿ ಸಾಸ್, ಒಂದೆರಡು ಟೀ ಚಮಚ ಶ್ರೀರಾಚಾ ಎಂಬ ಖಾರದ ಮೆಣಸಿನ ಸಾಸ್. ನಮ್ಮ ಅಂಗಡಿಗಳಲ್ಲಿ ಸಿಗುವ ಮೊಟ್ಟೆಯಿಲ್ಲದ ಮಯೋನೀಸ್ ಮೊದಲೇ ಸಿಹಿಯಾಗಿರುವುದರಿಂದ ಸ್ವೀಟ್ ಚಿಲ್ಲಿಯನ್ನು ಮೂರು ಟೇಬಲ್ ಚಮಚಕ್ಕೆ ಇಳಿಸಿ, ಹುಳಿಯನ್ನು ತುಸು ಹೆಚ್ಚಿಸಬೇಕು.

ಶ್ರೀರಾಚಾ ಸಿಗದಿದ್ದರೆ ಕೊರಗಬೇಕಾಗಿಲ್ಲ. ಬಿಸಿನೀರಿನಲ್ಲಿ ನೆನೆಸಿದ ಬ್ಯಾಡಗಿ ಮೆಣಸು, ಎರಡು ಜೀರಿಗೆ ಮೆಣಸು, ನಾಲ್ಕು ಎಸಳು ಬೆಳ್ಳುಳ್ಳಿ, ಉಪ್ಪನ್ನು ನೀರು ಹೆಚ್ಚಿಸದೆ ನುಣ್ಣಗೆ ರುಬ್ಬಿ, ಒಂದು ಚಮಚ ಎಣ್ಣೆಯಲ್ಲಿ ಹಸಿವಾಸನೆ ಹೋಗುವವರೆಗೆ ಬಾಡಿಸಿ. ಬಣ್ಣ ಬ್ಯಾಡಗಿಯದು, ಖಾರ ಜೀರಿಗೆ ಮೆಣಸಿನದು. ಸಿಹಿಗೆ ಕೊಡಗಿನ ಜೇನು. ಈ ಮಿಶ್ರಣ ಪೂರ್ತಿ ತಣಿದ ಮೇಲೆಯೇ ಮಯೋನೀಸ್‌ಗೆ ಬೆರೆಸಬೇಕು, ಬಿಸಿಯಿದ್ದಾಗ ಬೆರೆಸಿದರೆ ಎಣ್ಣೆ ಬಿಟ್ಟುಕೊಂಡು ಸಾಸ್ ಒಡೆಯುತ್ತದೆ.

ಮಯೋನೀಸನ್ನು ಮನೆಯಲ್ಲೇ ಮಾಡುವವರು ಹಸಿ ಮೊಟ್ಟೆ ಬಳಸದಿರುವುದು ಕ್ಷೇಮ, ಮಕ್ಕಳು ಮತ್ತು ವಯಸ್ಸಾದವರು ತಿನ್ನುವುದಾದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಅರ್ಧ ಕಪ್ ತಣ್ಣನೆಯ ಗಟ್ಟಿ ಹಾಲು, ಅರ್ಧ ಟೀ ಚಮಚ ಸಾಸಿವೆ ಪುಡಿ, ಉಪ್ಪನ್ನು ಹ್ಯಾಂಡ್ ಬ್ಲೆಂಡರಿನಲ್ಲಿ ತಿರುವುತ್ತಾ ಒಂದು ಕಪ್ ಎಣ್ಣೆಯನ್ನು ನೂಲಿನಂತೆ ಸಣ್ಣಗೆ ಸುರಿದರೆ ಕೆನೆಯಂತೆ ಗಟ್ಟಿಯಾಗುತ್ತದೆ. ಹುಳಿಯನ್ನು ಕೊನೆಯಲ್ಲಿ ಹಾಕಿ. ಬಸಿದ ಮೊಸರಿನಲ್ಲಿ ಮಾಡುವವರೂ ಇದ್ದಾರೆ. ಅದು ಅದ್ದಿ ತಿನ್ನಲು ರುಚಿಯೇ, ಆದರೆ ಬಿಸಿ ಸೀಗಡಿಗೆ ಬೆರೆಸಿದರೆ ನೀರೊಡೆದು ನೀವು ಹೇಳಿದ ಗತಿಯೇ ಆಗುತ್ತದೆ.

ವಿರಾಜಪೇಟೆಯಿಂದ ಮತ್ತೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ಹುಳಿಗೆ ವಿನೆಗರ್ ಬದಲು ನಮ್ಮ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ) ಹಾಕಬಹುದೇ? ಮತ್ತು ಇಪ್ಪತ್ತೈದು ಜನರಿಗೆ ಒಟ್ಟಿಗೆ ಬಡಿಸಬೇಕಾದಾಗ ಮೊದಲ ಸುತ್ತಿನದು ಮೆತ್ತಗಾಗದಂತೆ ಏನು ಮಾಡಬೇಕು?

ಉತ್ತರ: ಗೋಣಿಕೊಪ್ಪದಿಂದ

ಕಾಚಂಪುಳಿ ಹಾಕಬಾರದು ಎಂದೇ ನನ್ನ ಅಭಿಪ್ರಾಯ. ಅದು ಪಂದಿ ಕರಿಗೆ ಹೇಳಿಮಾಡಿಸಿದ ಹುಳಿ. ಕೊಬ್ಬು ತುಂಬಿದ ಮಾಂಸವನ್ನು ತಡೆದುಕೊಳ್ಳುವಷ್ಟು ಗಡಸು. ಸೀಗಡಿಯ ಸಿಹಿಯನ್ನು ಅದು ನುಂಗಿಬಿಡುತ್ತದೆ, ಕಿತ್ತಳೆ ಬಣ್ಣದ ಸಾಸನ್ನು ಕಂದು ಮಾಡುತ್ತದೆ.

ಉತ್ತರ: ಮಡಿಕೇರಿಯಿಂದ

ಗೋಣಿಕೊಪ್ಪದವರ ಮಾತನ್ನು ಬಣ್ಣದ ಮಟ್ಟಿಗೆ ಒಪ್ಪುತ್ತೇನೆ, ರುಚಿಯ ಮಟ್ಟಿಗೆ ಇಲ್ಲ. ಅರ್ಧ ಕಪ್ ಮಯೋನೀಸ್‌ಗೆ ನಾಲ್ಕೈದು ಹನಿ ಹಾಕಿದರೆ ಜೇನಿನ ಸಿಹಿ ಹದಕ್ಕೆ ಬರುತ್ತದೆ. ಚಮಚದ ಲೆಕ್ಕದಲ್ಲಿ ಹಾಕಿದರೆ ಮಾತ್ರ ಅವರು ಹೇಳಿದಂತಾಗುತ್ತದೆ. ಧೈರ್ಯ ಬರದಿದ್ದರೆ ನಿಂಬೆರಸ ಇದ್ದೇ ಇದೆ.

ಇನ್ನು ಇಪ್ಪತ್ತೈದು ಜನರ ವಿಷಯ. ಎಲ್ಲವನ್ನೂ ಒಮ್ಮೆಗೆ ಬಡಿಸುವ ಯೋಚನೆಯನ್ನೇ ಬಿಡಿ. ಅಡುಗೆಮನೆಯಿಂದ ಸಣ್ಣ ತಟ್ಟೆಗಳು ಒಂದರ ಹಿಂದೊಂದು ಹೊರಡಲಿ, ನೆಂಟರಲ್ಲಿ ಒಬ್ಬರು ತಟ್ಟೆ ಒಯ್ಯಲು ನಿಲ್ಲಲಿ. ಸೋಡಾದಲ್ಲಿಟ್ಟು ತೊಳೆದು ಒಣಗಿಸಿದ ಸೀಗಡಿಯನ್ನು ಬೆಳಿಗ್ಗೆಯೇ ಫ್ರಿಜ್‌ನಲ್ಲಿ ಸಿದ್ಧವಾಗಿಡಬಹುದು, ಸಾಸ್ ಹಿಂದಿನ ದಿನವೇ ಮಾಡಿಡಬಹುದು. ಹಿಟ್ಟು ಹಚ್ಚುವುದು ಮಾತ್ರ ಕರಿಯುವ ಹೊತ್ತಿಗೆ, ಏಕೆಂದರೆ ಹಚ್ಚಿಟ್ಟರೆ ಉಪ್ಪು ನೀರೆಳೆದು ಹಿಟ್ಟು ಅಂಟಂಟಾಗುತ್ತದೆ. ಮನೆಯಲ್ಲಿ ಓವನ್ ಇದ್ದರೆ 100 ಡಿಗ್ರಿಯಲ್ಲಿ, ಜಾಲರಿಯ ಮೇಲೆ, ಬಾಗಿಲನ್ನು ತುಸು ತೆರೆದಿಟ್ಟು ಹದಿನೈದು ನಿಮಿಷದವರೆಗೆ ಕಾಯಿಸಿಡಬಹುದು. ಹಾಟ್‌ಕೇಸಿನಲ್ಲಿ ಮುಚ್ಚಿಡುವುದಂತೂ ಗರಿಯನ್ನು ಕೈಯಾರೆ ಕೊಂದಂತೆ.

ಸಾಸನ್ನು ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡಿ. ಸೀಗಡಿ ಎಣ್ಣೆಯಿಂದ ಬಂದ ಕೂಡಲೇ ಬೆರೆಸದೆ, ಜಾಲರಿಯ ಮೇಲೆ ಒಂದು ನಿಮಿಷ ಹಬೆಯಾಡಲು ಬಿಟ್ಟು, ಅಗಲವಾದ ಬೋಗುಣಿಯಲ್ಲಿ ಹಾಕಿ, ಅರ್ಧ ಕಿಲೋಗೆ ಮೂರು ನಾಲ್ಕು ಟೇಬಲ್ ಚಮಚದಷ್ಟೇ ಸಾಸ್ ಸುರಿದು, ಬೋಗುಣಿಯನ್ನೇ ಎರಡು ಸಲ ಎಗರಿಸಿ ಹೊರಳಿಸಿ. ಚಮಚದಿಂದ ಕಲಸಿದರೆ ಹೊದಿಕೆ ಒಡೆಯುತ್ತದೆ. ಉಳಿದ ಸಾಸ್ ಬಟ್ಟಲಿನಲ್ಲಿ ಪಕ್ಕಕ್ಕಿರಲಿ. ತಟ್ಟೆಯ ತಳಕ್ಕೆ ಸಣ್ಣಗೆ ಹೆಚ್ಚಿದ ಎಲೆಕೋಸು, ಮೇಲೆ ಈರುಳ್ಳಿ ಹೂವು. ಮಕ್ಕಳ ಪಾಲಿನದಕ್ಕೆ ಜೀರಿಗೆ ಮೆಣಸು ಹಾಕದ ಸಾಸನ್ನು ಬೇರೆಯಾಗಿ ತೆಗೆದಿಡಿ, ಬರುವವರಲ್ಲಿ ಸೀಗಡಿ ಒಗ್ಗದವರು ಯಾರಾದರೂ ಇದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಿ, ಅಂಥವರಿಗೆ ಏನನ್ನೇ ಕರಿಯುವುದಿದ್ದರೂ ಬೇರೆ ಎಣ್ಣೆಯಲ್ಲೇ ಕರಿಯಿರಿ.