ಕೈಯಲ್ಲಿ ನಲವತ್ತು ಸಾವಿರ, ಕಥೆ ಮಂಗಳ ಗ್ರಹದ್ದು: ಹೊರಾಂಗಣದಲ್ಲಿ ಚಿತ್ರೀಕರಿಸಿದವರು ಹೇಳಿ

ಕೇಳಿದವರು: ಮೈಸೂರಿನ ಅಂತಿಮ ವರ್ಷದ ವಿದ್ಯಾರ್ಥಿನಿ

ನಾವು ಐದು ಜನ ಸೇರಿ 15 ನಿಮಿಷದ ವೈಜ್ಞಾನಿಕ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಮಂಗಳ ಗ್ರಹದಲ್ಲಿ ಒಬ್ಬಳೇ ಉಳಿದ ಗಗನಯಾತ್ರಿ, ಕೆಟ್ಟುಹೋದ ರೇಡಿಯೊ, ಇಷ್ಟೇ ಕಥೆ. ಎಲ್ಲರೂ ಹಾಕಿ ಕೂಡಿದ್ದು 40 ಸಾವಿರ ರೂಪಾಯಿ. ಮುಕ್ಕಾಲು ಭಾಗ ಹೊರಾಂಗಣ. ಕ್ಯಾಮೆರಾ ಒಂದು ಕಾಲೇಜಿನದು, ಇನ್ನೊಂದು ಮೊಬೈಲ್. ಎಲ್ಲಿ ಚಿತ್ರೀಕರಿಸಬಹುದು, ಯಾವುದರಲ್ಲಿ ಎಡವುತ್ತೇವೆ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಚಳ್ಳಕೆರೆ ಕಡೆ ಆರು ದಿನ ಚಿತ್ರೀಕರಿಸಿದ ನಿರ್ದೇಶಕ

ಬೇರೆ ಕಥೆಗಳಿಗೆ ಹೊರಾಂಗಣವೆಂದರೆ ಪುಕ್ಕಟೆ ಸಿಕ್ಕ ಐಶ್ವರ್ಯ. ಮರ, ದಾರಿ, ಹಕ್ಕಿ, ಯಾವುದು ಫ್ರೇಮಿನೊಳಗೆ ಬಂದರೂ ನಡೆಯುತ್ತದೆ. ನಿಮ್ಮ ಕಥೆಯಲ್ಲಿ ಅವೆಲ್ಲ ಚಾಡಿ ಹೇಳುತ್ತವೆ. ನಾವು ಆರು ದಿನ ಪಟ್ಟ ಪಾಡೆಲ್ಲ ಭೂಮಿಯನ್ನು ಬಚ್ಚಿಡುವ ಪಾಡು. ಮೊದಲ ದಿನ ಗಗನಯಾತ್ರಿ ದಿಬ್ಬ ಹತ್ತಿ ದಿಗಂತ ನೋಡುವ ಶಾಟ್ ತೆಗೆದೆವು, ಎಲ್ಲರೂ ಚಪ್ಪಾಳೆ ತಟ್ಟಿದೆವು. ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಅವನ ಬೂಟಿನ ಪಕ್ಕದಲ್ಲಿ ಕುರಿ ಹಿಕ್ಕೆ, ಸ್ವಲ್ಪ ಹಿಂದೆ ಅರ್ಧ ಹೂತ ಹಾಲಿನ ಪ್ಯಾಕೆಟ್, ದಿಬ್ಬದಾಚೆಯಿಂದ ಗಾಳಿಯಂತ್ರದ ರೆಕ್ಕೆಯ ತುದಿ ಮೂರು ಸೆಕೆಂಡಿಗೊಮ್ಮೆ ಇಣುಕಿ ಹೋಗುತ್ತಿತ್ತು. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಇವು ಯಾವುವೂ ಕಂಡಿರಲಿಲ್ಲ.

ಮರುದಿನದಿಂದ ನಮ್ಮ ಮುಖ್ಯ ಉಪಕರಣ ಪೊರಕೆಯಾಯಿತು. ನಗಬೇಡಿ. ನಿರ್ಜನ ಗ್ರಹದ ಮೇಲೆ ಹೆಜ್ಜೆ ಗುರುತು ಒಂದೇ ಸಾಲು ಇರಬೇಕು. ಎರಡನೇ ಟೇಕಿಗೆ ಎರಡು ಸಾಲಾಗುತ್ತದೆ, ಐದನೇ ಟೇಕಿಗೆ ಅದು ಸಂತೆ ಮಾಳ. ನಟ ಎಲ್ಲಿಂದ ಎಲ್ಲಿಗೆ ನಡೆಯುತ್ತಾನೆ ಎಂಬುದನ್ನು ಮೊದಲು ಕ್ಯಾಮೆರಾ ಹಿಂದಿನ ನೆಲದಲ್ಲಿ ಅಭ್ಯಾಸ ಮಾಡಿಸಿ. ಫ್ರೇಮಿನೊಳಗಿನ ಮಣ್ಣನ್ನು ಶಾಟ್ ತೆಗೆಯುವವರೆಗೆ ಯಾರೂ ತುಳಿಯಕೂಡದು. ನಮ್ಮ ತಂಡದ ಒಬ್ಬನಿಗೆ ಈ ಕಾವಲು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ. ಬೈಕುಗಳನ್ನು ಅರ್ಧ ಕಿಲೋಮೀಟರ್ ದೂರ ನಿಲ್ಲಿಸಿ ಸಾಮಾನು ಹೊತ್ತು ನಡೆದೆವು. ಟೈರಿನ ಗುರುತು ಗುಡಿಸಿದರೂ ಹೋಗುವುದಿಲ್ಲ.

ಜಾಗದ ವಿಷಯಕ್ಕೆ ಬರುತ್ತೇನೆ. ಚಂದ್ರಯಾನ-2ರ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋ 2016ರಲ್ಲಿ ಚಂದ್ರನ ಕುಳಿಗಳಂಥ ಕುಳಿಗಳನ್ನು ತೋಡಿಸಿದ್ದು ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ. ವಿಜ್ಞಾನಿಗಳೇ ಚಂದ್ರನನ್ನು ಮಾಡಲು ಈ ಬಯಲಿಗೆ ಬಂದ ಮೇಲೆ ನಾವು ಬಾರದಿರುವುದೇ? ಹಾಗೆಂದು ಆ ಆವರಣದ ಹತ್ತಿರ ಸುಳಿಯಬೇಡಿ, ಅದು ಬೇಲಿಯೊಳಗಿದೆ. ಸುತ್ತಲಿನ ಸೀಮೆಯಲ್ಲೇ ಬೇಕಾದಷ್ಟು ಬೋಳು ನೆಲ, ಕೆಮ್ಮಣ್ಣು, ಮಾಲೀಕರನ್ನು ಕೇಳಿದರೆ ಕೊಡುವ ಬೀಳು ಹೊಲ ಸಿಗುತ್ತದೆ. ರಾಮನಗರದ ಬಂಡೆಗಳು ಎಲ್ಲರಿಗೂ ಹೊಳೆಯುವ ಜಾಗ. ಆದರೆ ರಾಮದೇವರ ಬೆಟ್ಟ ರಣಹದ್ದುಗಳ ಅಭಯಾರಣ್ಯ, ಅರಣ್ಯ ಇಲಾಖೆಯ ಅನುಮತಿ ಬೇಕು. ಹಂಪಿಯ ಸ್ಮಾರಕಗಳಿಗೆ ಪುರಾತತ್ವ ಇಲಾಖೆಯ ಅನುಮತಿ, ಶುಲ್ಕ, ಕಾಯುವಿಕೆ ಎಲ್ಲವೂ ಇದೆ. ಅದೂ ಅಲ್ಲದೆ ಹಂಪಿಯ ಬಂಡೆ ಯಾರಿಗೆ ಗೊತ್ತಿಲ್ಲ? ಮಂಗಳ ಗ್ರಹದಲ್ಲಿ ಹಂಪಿ ಕಂಡರೆ ನೋಡುಗರು ಕಥೆ ಬಿಟ್ಟು ತಮ್ಮ ಪ್ರವಾಸ ನೆನೆಸಿಕೊಳ್ಳುತ್ತಾರೆ. ಕೈಬಿಟ್ಟ ಕಲ್ಲು ಕ್ವಾರಿ ಚಂದ್ರನಿಗೆ ಚೆನ್ನ, ಆದರೆ ಅಲ್ಲಿ ನಿಂತ ನೀರಿನ ಆಳ ಮೇಲಿನಿಂದ ತಿಳಿಯುವುದಿಲ್ಲ, ಅಂಚಿನ ಕಲ್ಲು ಜಾರುತ್ತದೆ. ಬೂಟು, ಹೆಲ್ಮೆಟ್ ತೊಟ್ಟು ಕಾಲ ಕೆಳಗೆ ಕಾಣದ ನಟನನ್ನು ಅಂಥ ಕಡೆ ನಿಲ್ಲಿಸಬೇಡಿ.

ಊರಿನವರ ವಿಷಯ ಇದಕ್ಕಿಂತ ಮುಖ್ಯ. ನಾವು ಹೋದ ಎರಡನೇ ದಿನ ಬೆಳಿಗ್ಗೆ ಹತ್ತು ಹದಿನೈದು ಜನ ಬಂದು ಸುತ್ತುವರಿದರು. ಸಿಟ್ಟಿಗಿಂತ ಆತಂಕವೇ ಹೆಚ್ಚು. ನಮಗೆ ಅರ್ಥವಾಗಲು ಹತ್ತು ನಿಮಿಷ ಹಿಡಿಯಿತು: ಮೂರು ಕಾಲಿನ ಸ್ಟ್ಯಾಂಡ್, ಅದರ ಮೇಲೆ ಯಂತ್ರ, ಬಿಳಿ ಬಟ್ಟೆಯ ಒಬ್ಬ ಮನುಷ್ಯ. ಸರ್ವೆಗೆ ಬಂದಿದ್ದಾರೆ ಎಂದುಕೊಂಡಿದ್ದರು. ಆ ಸೀಮೆಯಲ್ಲಿ ದನಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಗಿದೆ. ಅಳೆಯುವವರನ್ನು ಕಂಡರೆ ಅವರು ಸುಮ್ಮನಿರಬೇಕೆಂದು ನಿರೀಕ್ಷಿಸುವುದೇ ತಪ್ಪು. ಹೋಗುವ ಮೊದಲೇ ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪತ್ರ ಕೊಡಿ, ಪೊಲೀಸ್ ಠಾಣೆಗೆ ಒಂದು ಪ್ರತಿ ಮುಟ್ಟಿಸಿ, ಜಮೀನಿನವರ ಮನೆಗೆ ಹೋಗಿ ಕಥೆ ಹೇಳಿ. ನಾವು ಇದನ್ನು ತಡವಾಗಿ ಮಾಡಿದೆವು. ಆಮೇಲೆ ಅದೇ ಗುಂಪಿನ ಕುರಿಗಾಹಿಯೊಬ್ಬರು ದಿನವೂ ಬಂದು ಕೂರುತ್ತಿದ್ದರು. ‘ಹತ್ತು ಗಂಟೆಗೆ ಗಾಳಿ ಏಳುತ್ತದೆ, ಮಾತಿನ ಕೆಲಸ ಅಷ್ಟರಲ್ಲಿ ಮುಗಿಸಿಕೊಳ್ಳಿ’ ಎಂದವರು ಅವರೇ. ನಮ್ಮ ಮೊಬೈಲಿನ ಹವಾಮಾನ ಮುನ್ಸೂಚನೆಗಿಂತ ಅವರ ಮಾತು ಸರಿಯಾಗಿತ್ತು.

ಕಾಲ: ಸಂಕ್ರಾಂತಿಯಿಂದ ಯುಗಾದಿಯೊಳಗೆ ಮುಗಿಸಿ. ಮುಂಗಾರು ಬಿದ್ದರೆ ಮಂಗಳ ಗ್ರಹ ಹದಿನೈದು ದಿನದಲ್ಲಿ ಹಸಿರಾಗುತ್ತದೆ. ಒಣ ಹುಲ್ಲನ್ನು ಎಡಿಟಿಂಗಿನಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿಸಬಹುದು, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಸಾಕು. ಹಚ್ಚ ಹಸಿರಿನ ಮೇಲೆ ಆ ಆಟ ನಡೆಯುವುದಿಲ್ಲ. ಹಿನ್ನೆಲೆಯನ್ನು ಎಡಿಟಿಂಗಿನಲ್ಲಿ ಬದಲಿಸಲು ಕಟ್ಟುವ ಹಸಿರು ಪರದೆಯನ್ನು ಬಯಲಿಗೆ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಗಾಳಿಗೆ ಅದು ಹಾಯಿಯಾಗುತ್ತದೆ; ನಮ್ಮದು ಎರಡು ಬಿದಿರು ಮುರಿದುಕೊಂಡು ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿತು. ಬದಲಿಗೆ ಬಂಡೆಯ ಚೂಪಾದ ಅಂಚನ್ನೇ ದಿಗಂತ ಮಾಡಿಕೊಳ್ಳಿ, ಮರದ ಎಲೆಗಳು ಅಡ್ಡ ಬಾರದಿದ್ದರೆ ಆಕಾಶದ ಬಣ್ಣ ಬದಲಿಸುವುದು ಸುಲಭ.

ನೆತ್ತಿಯ ಬಿಸಿಲಿನಲ್ಲಿ ಚಿತ್ರೀಕರಿಸಬಾರದು ಎಂದು ಪುಸ್ತಕಗಳು ಹೇಳುತ್ತವೆ. ಏಪ್ರಿಲ್ ಕೊನೆಯಲ್ಲಂತೂ ನಮ್ಮ ಕಡೆ ನೆರಳು ಕಾಲಡಿಗೇ ಸೇರಿಬಿಡುತ್ತದೆ, ಮುಖದ ಮೇಲೆ ಕಣ್ಣಿನ ಗುಳಿ ಮಾತ್ರ ಕಾಣುತ್ತದೆ. ಮುಖ ಕಾಣುವ ಶಾಟ್‌ಗಳಿಗೆ ಬೆಳಿಗ್ಗೆ ಎರಡು ಗಂಟೆ ಹೊತ್ತು, ಸಂಜೆ ಒಂದೂವರೆ ಗಂಟೆ ಹೊತ್ತು ಇಟ್ಟುಕೊಳ್ಳಿ. ಚಂದ್ರನ ದೃಶ್ಯವೇನಾದರೂ ಇದ್ದರೆ ಲೆಕ್ಕ ಬೇರೆ: ಅಲ್ಲಿ ಬೆಳಕು ಚದುರಿಸುವ ಗಾಳಿಯಿಲ್ಲ, ನೆರಳು ಕಪ್ಪಗೆ ಕತ್ತರಿಸಿದಂತಿರುತ್ತದೆ, ಆಕಾಶ ಹಗಲಿನಲ್ಲೂ ಕಪ್ಪು. ರಾತ್ರಿ ಒಂದೇ ಒಂದು ಪ್ರಖರ ದೀಪ ದೂರದಲ್ಲಿಟ್ಟು ತೆಗೆದರೆ ಆಕಾಶ ತಾನಾಗಿ ಕಪ್ಪಾಗುತ್ತದೆ. ಎರಡನೇ ದೀಪ ಹಚ್ಚಿದಿರೋ, ಎರಡು ನೆರಳು ಬಿದ್ದು ಇಬ್ಬರು ಸೂರ್ಯರು ಬಂದಂತೆ.

ಇನ್ನು ನಡಿಗೆ. ತೂಗಾಡಿ ನಡೆಯುವ ಅಭಿನಯ ಮಾಡಿಸಬೇಡಿ, ಕುಡಿದವರಂತೆ ಕಾಣುತ್ತದೆ. ಲೆಕ್ಕ ಹಾಕಿ. ಚಂದ್ರನ ಗುರುತ್ವ ಭೂಮಿಯ ಆರನೇ ಒಂದು ಭಾಗ. ಬೀಳುವ ಹೊತ್ತು ಆರರ ವರ್ಗಮೂಲದಷ್ಟು, ಅಂದರೆ ಸುಮಾರು 2.45 ಪಟ್ಟು ಹಿಗ್ಗುತ್ತದೆ. ಸೆಕೆಂಡಿಗೆ 60 ಫ್ರೇಮ್ ತೆಗೆದು 24ರಲ್ಲಿ ಓಡಿಸಿದರೆ 2.5 ಪಟ್ಟು. ಯಾರೋ ನಮಗಾಗಿಯೇ ಅಳತೆ ಮಾಡಿ ಇಟ್ಟಂತಿದೆ. ಮಂಗಳದಲ್ಲಿ ಗುರುತ್ವ ಶೇಕಡಾ 38, ಹಿಗ್ಗುವುದು 1.6 ಪಟ್ಟು ಮಾತ್ರ. ಆದ್ದರಿಂದ 60 ಫ್ರೇಮಿನಲ್ಲಿ ತೆಗೆದು ಎಡಿಟಿಂಗಿನಲ್ಲಿ ವೇಗವನ್ನು ಶೇಕಡಾ 62ಕ್ಕೆ ಇಳಿಸಿ. ಕೈ ಸನ್ನೆಗಳೂ ನಿಧಾನವಾಗುವುದರಿಂದ ನಡೆಯುವ, ಜಿಗಿಯುವ, ಬೀಳುವ ಶಾಟ್‌ಗಳಿಗೆ ಮಾತ್ರ ಇದನ್ನು ಬಳಸಿ. ಚಂದ್ರನಲ್ಲಿ ಧೂಳು ಹೊಗೆಯಂತೆ ತೇಲುವುದಿಲ್ಲ, ಎಸೆದ ಕಲ್ಲಿನಂತೆ ಹಾರಿ ಬೀಳುತ್ತದೆ. ನಾವು ನಟ ಹೆಜ್ಜೆ ಇಡುವ ಜಾಗದಲ್ಲಿ ಎರಡು ಚೀಲ ಎಂ-ಸ್ಯಾಂಡ್ ತೊಳೆದು ಹರಡಿದ್ದೆವು. ನುಣ್ಣನೆಯ ಪುಡಿ ಹೋದ ಮೇಲೆ ಉಳಿದ ದಪ್ಪ ಕಣಗಳು ಚಿಮ್ಮಿ ಅಲ್ಲೇ ಬಿದ್ದವು. ಇಡೀ ಚಿತ್ರದಲ್ಲಿ ನನಗೆ ನಿಜವಾಗಿ ತೃಪ್ತಿ ಕೊಟ್ಟ ಶಾಟ್ ಅದೊಂದೇ.

ಅದೇ ಚಿತ್ರದಲ್ಲಿ ಧ್ವನಿ ನೋಡಿಕೊಂಡವನು

ನಿರ್ದೇಶಕರು ಶಬ್ದದ ಬಗ್ಗೆ ಒಂದು ಮಾತೂ ಬರೆದಿಲ್ಲ. ಚಿತ್ರೀಕರಣದಲ್ಲೂ ಹೀಗೆಯೇ ಇದ್ದರು.

ಬಯಲಿನಲ್ಲಿ ತೆಗೆದ ಧ್ವನಿಯಲ್ಲಿ ನಾವು ಉಳಿಸಿಕೊಂಡದ್ದು ಶೂನ್ಯ. ನವಿಲು, ಪಂಪ್‌ಸೆಟ್, ದೂರದ ಲಾರಿಯ ಹಾರ್ನ್. ಒಂದು ದಿನದ ಪ್ಯಾಚ್ ಕೆಲಸಕ್ಕೆ ಧನುರ್ಮಾಸದಲ್ಲಿ ಹೋಗಿ ಬೆಳಗಿನ ನಿಶ್ಶಬ್ದ ಸಿಗುತ್ತದೆ ಎಂದು ಐದಕ್ಕೇ ಎದ್ದರೆ ದೇವಸ್ಥಾನದ ಮೈಕು ನಮಗಿಂತ ಮೊದಲು ಎದ್ದಿತ್ತು. ಆದರೆ ನಿಮ್ಮ ಕಥೆಯಲ್ಲಿ ಒಂದು ದೊಡ್ಡ ಅನುಕೂಲವಿದೆ: ಹೆಲ್ಮೆಟ್ ಒಳಗೆ ತುಟಿ ಸರಿಯಾಗಿ ಕಾಣುವುದಿಲ್ಲ, ಮಾತು ರೇಡಿಯೊದಲ್ಲಿ ಬರುತ್ತದೆ. ಪೂರ್ತಿ ಡಬ್ಬಿಂಗ್ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಸ್ಥಳದಲ್ಲಿ ಮೊಬೈಲಿನಲ್ಲಿ ಒಂದು ಒರಟು ಧ್ವನಿ ಹಿಡಿದಿಡಿ, ಆಮೇಲೆ ತಾಳೆ ಹಾಕಲು ಬೇಕು. ಡಬ್ಬಿಂಗಿಗೆ ಸ್ಟುಡಿಯೋ ಬಾಡಿಗೆ ಕೊಡಲಿಲ್ಲ. ಚಳ್ಳಕೆರೆಯಲ್ಲೇ ಕೊಂಡ ನಾಲ್ಕು ಕುರಿಯುಣ್ಣೆ ಕಂಬಳಿಗಳನ್ನು ಮಂಚದ ಸುತ್ತ ಇಳಿಬಿಟ್ಟು ನಟನನ್ನು ಒಳಗೆ ಕೂರಿಸಿದೆವು. ಕಂಬಳಿ ಪ್ರತಿಧ್ವನಿಯನ್ನು ನುಂಗಿಬಿಡುತ್ತದೆ. ಸೆಕೆಗೆ ನಟನೂ ಬೆಂದ, ಅದು ಬೇರೆ ಮಾತು. ಹೆಲ್ಮೆಟ್ಟಿನ ಸದ್ದು ಬೇಕಾದ ಸಾಲುಗಳನ್ನು ಸ್ಟೀಲ್ ಕೊಳಗದೊಳಗೆ ಬಾಯಿಟ್ಟು ಹೇಳಿಸಿದೆವು.

ಮಂಗಳದಲ್ಲಿ ಸದ್ದೇ ಇಲ್ಲ ಎಂದುಕೊಳ್ಳಬೇಡಿ. 2021ರಲ್ಲಿ ನಾಸಾದ ಪರ್ಸೀವರೆನ್ಸ್ ರೋವರ್ ಅಲ್ಲಿನ ಗಾಳಿಯ ಸದ್ದನ್ನು ಕೇಳಿಸಿತು. ವಾತಾವರಣ ತೆಳು, ಆದ್ದರಿಂದ ಸದ್ದು ಕ್ಷೀಣ. ಕೀಚಲು ಸ್ವರಗಳು ಬೇಗ ಸತ್ತುಹೋಗುತ್ತವೆ. ಹೊರಗಿನ ಸದ್ದುಗಳಿಗೆಲ್ಲ ಮೇಲಿನ ಸ್ವರಗಳನ್ನು ಕತ್ತರಿಸಿ, ಗೋಡೆಯಾಚೆ ಕೇಳಿದಂತೆ ಮಾಡಿ. ಉಸಿರಾಟವನ್ನು ಮಾತ್ರ ಹತ್ತಿರದಿಂದ ಹಿಡಿಯಿರಿ.

ಗಗನಯಾತ್ರಿಯ ಪಾತ್ರ ಮಾಡಿದವಳು (ಬೇರೆ ಚಿತ್ರ)

ಉಡುಪಿನೊಳಗೆ ಇದ್ದವಳ ಮಾತನ್ನೂ ಕೇಳಿ. ಪೇಂಟರ್‌ಗಳು ಹಾಕುವ ಬಿಳಿ ಮೇಲುಡುಪು, ಅದರ ಮೇಲೆ ಯೋಗ ಮ್ಯಾಟ್ ಕತ್ತರಿಸಿ ಅಂಟಿಸಿದ ಪಟ್ಟಿಗಳು, ಬೆನ್ನಿಗೆ ಗುಜರಿಯಿಂದ ತಂದ ಕಂಪ್ಯೂಟರ್ ಡಬ್ಬ. ನೋಡಲು ಚೆನ್ನಾಗಿತ್ತು. ಒಳಗೆ ಇಡ್ಲಿ ಪಾತ್ರೆ. ಮಾರ್ಚ್ ಬಿಸಿಲಿನಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರನ್ನೂ ಅದರೊಳಗೆ ಇಡಬೇಡಿ. ಗಡಿಯಾರ ನೋಡಿ ಬಿಚ್ಚಿಸುವ ಅಧಿಕಾರ ನಿರ್ದೇಶಕರಿಗಲ್ಲದೆ ಬೇರೊಬ್ಬರಿಗೆ ಕೊಡಿ. ನಿರ್ದೇಶಕರಿಗೆ ಆಗ ಬೆಳಕು ಬಿಟ್ಟು ಬೇರೇನೂ ಕಾಣುವುದಿಲ್ಲ. ಓಆರ್‌ಎಸ್ ಪೊಟ್ಟಣಗಳು ಬಜೆಟ್ಟಿನಲ್ಲಿರಲಿ.

ಹೆಲ್ಮೆಟ್ ಹಿಂಭಾಗ ಕಡ್ಡಾಯವಾಗಿ ತೆರೆದಿರಬೇಕು. ಪೂರ್ತಿ ಮುಚ್ಚಿದರೆ ಗಾಜು ಮಬ್ಬಾಗುವುದಷ್ಟೇ ಅಲ್ಲ, ನಾವು ಬಿಟ್ಟ ಉಸಿರನ್ನೇ ನಾವು ಎಳೆದುಕೊಳ್ಳುತ್ತೇವೆ, ತಲೆ ಸುತ್ತುತ್ತದೆ. ನಾವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಣ್ಣ ಫ್ಯಾನನ್ನು ಪವರ್ ಬ್ಯಾಂಕಿಗೆ ಜೋಡಿಸಿ ಕತ್ತಿನ ಹಿಂದೆ ಕೂರಿಸಿದೆವು. ಹತ್ತಿರದ ಶಾಟ್‌ಗಳಲ್ಲಿ ಗಾಜನ್ನೇ ತೆಗೆದುಬಿಟ್ಟೆವು, ಒಬ್ಬರಾದರೂ ಗುರುತಿಸಲಿಲ್ಲ. ಗಾಜಿದ್ದಾಗ ಅದರಲ್ಲಿ ಇಡೀ ತಂಡ, ಬಣ್ಣದ ಛತ್ರಿ, ಟಿಫನ್ ಡಬ್ಬಿ ಎಲ್ಲವೂ ಬಿಂಬವಾಗಿ ಕಾಣುತ್ತಿತ್ತು.

ಇನ್ನೊಂದು. ಬಯಲಿನಲ್ಲಿ ಶೌಚಾಲಯ ಇರುವುದಿಲ್ಲ. ನಮ್ಮ ತಂಡದ ಹುಡುಗರಿಗೆ ಇದು ಮೂರನೇ ದಿನದವರೆಗೆ ಹೊಳೆದಿರಲಿಲ್ಲ, ಅಷ್ಟರಲ್ಲಿ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಸುಸ್ತಾಗಿ ಬಿದ್ದಿದ್ದೆ. ಹತ್ತಿರದ ಊರಿನಲ್ಲಿ ಒಂದು ಮನೆಯವರನ್ನು ಮೊದಲೇ ಕೇಳಿಕೊಳ್ಳಿ, ಹೋಗಿ ಬರಲು ಒಂದು ಬೈಕ್ ಸದಾ ಸಿದ್ಧವಿರಲಿ. ನಾಯಕಿ ನೀವೇ ಆಗಿದ್ದರೆ ಇದನ್ನು ಪಟ್ಟಿಯ ಮೊದಲಿಗೆ ಬರೆಯಿರಿ.

ಕೋಲಾರ ಜಿಲ್ಲೆಯ ಕೆಜಿಎಫ್‌ನಿಂದ

ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಹೆಸರು ಇಲ್ಲಿ ಯಾರಾದರೂ ತೆಗೆಯುತ್ತಾರೆ, ಅದಕ್ಕೇ ನಾನೇ ಹೇಳುತ್ತೇನೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡಗಳು ನಮ್ಮ ಊರ ಮಧ್ಯೆ ನಿಂತಿವೆ. ಕ್ಯಾಮೆರಾಕ್ಕೆ ಅವು ಅನ್ಯಗ್ರಹವೇ. ಆದರೆ ಗಾಳಿ ಬೀಸಿದಾಗ ಆ ಪುಡಿ ಕಣ್ಣಿಗೂ ಎದೆಗೂ ಹೋಗುತ್ತದೆ, ಇಲ್ಲಿನ ಮಕ್ಕಳು ಅದನ್ನು ಉಸಿರಾಡಿಯೇ ಬೆಳೆದಿದ್ದಾರೆ. ಅನುಮತಿಯಿಲ್ಲದೆ ಹತ್ತಬೇಡಿ, ಗಾಳಿಯ ದಿನ ಅನುಮತಿ ಇದ್ದರೂ ಹತ್ತಬೇಡಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ನಾಯಕಿ ನಾನೇ, ಶೌಚಾಲಯದ ಸಾಲನ್ನು ತಂಡದವರಿಗೆ ಓದಿ ಹೇಳಿದೆ. ಬರುವ ಭಾನುವಾರ ಮೂವರು ಜಾಗ ನೋಡಲು ಹೋಗುತ್ತಿದ್ದೇವೆ. ಎರಡು ಪ್ರಶ್ನೆ: ಸ್ನೇಹಿತರೊಬ್ಬರ ಡ್ರೋನ್ ಇದೆ, ಒಯ್ಯಬಹುದೇ? ಪೊರಕೆ ಎಂದರೆ ಕಡ್ಡಿ ಪೊರಕೆಯೋ, ಹುಲ್ಲಿನದೋ?

ಚಳ್ಳಕೆರೆಯ ನಿರ್ದೇಶಕ

ಡ್ರೋನ್ ಹಾರಿಸುವ ಮೊದಲು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದೆಯೇ ನೋಡಿ. ಚಳ್ಳಕೆರೆಯ ಸುತ್ತ ರಕ್ಷಣಾ ಸಂಸ್ಥೆಗಳ ಪರೀಕ್ಷಾ ವಲಯವಿದೆ, ಅಲ್ಲಿಗೆ ಡ್ರೋನನ್ನು ಚೀಲದಲ್ಲಿಟ್ಟುಕೊಂಡೂ ಹೋಗಬೇಡಿ. ಮೇಲಿನಿಂದ ಬೇಕಾದ ಒಂದೆರಡು ಶಾಟ್‌ಗಳನ್ನು ಬಂಡೆ ಹತ್ತಿ ತೆಗೆಯಿರಿ.

ಪೊರಕೆ ಎರಡೂ ಬೇಕು. ಹಿಕ್ಕೆ, ಕಸ, ಕಡ್ಡಿಗೆ ಕಡ್ಡಿ ಪೊರಕೆ, ಆದರೆ ಅದು ನೆಲದ ಮೇಲೆ ಗೆರೆ ಬಿಡುತ್ತದೆ, ಬೆಳಗಿನ ಓರೆ ಬಿಸಿಲಿಗೆ ಮನೆಯ ಅಂಗಳದಂತೆ ಕಾಣುತ್ತದೆ. ಗೆರೆಯ ಮೇಲೆ ಹುಲ್ಲಿನ ಪೊರಕೆ ಆಡಿಸಿ, ಕೊನೆಗೆ ಒದ್ದೆ ಮಾಡಿದ ಗೋಣಿಚೀಲವನ್ನು ಹಿಂದಕ್ಕೆ ಹೆಜ್ಜೆ ಹಾಕುತ್ತಾ ಎಳೆದುಕೊಂಡು ಫ್ರೇಮಿನಿಂದ ಹೊರಗೆ ಬನ್ನಿ. ಚೀಲ ಎಳೆಯುವವರು ಬರಿಗಾಲಲ್ಲಿರಲಿ.