ಫಾಸ್ಟ್ ಅಂದ್ರೆ ಬೇಗನಾ, ಉಪವಾಸಾನಾ?

ಡೊಂಬಿವಲಿ ಅಮ್ಮ: ಮಗಳು ಕೇಳ್ತಾಳೆ, ನಾವು ಹೋಗೋ ಮುಂಬೈ ಲೋಕಲ್ ಟ್ರೇನೂ ಫಾಸ್ಟು, ಅಜ್ಜಿ ಏಕಾದಶಿಗೆ ಮಾಡೋದೂ ಫಾಸ್ಟು, ಅದ್ಹೇಗೆ ಅಂತ. ಯಾರಿಗಾದ್ರೂ ಗೊತ್ತಾ?

ದಾದರ್ ಮಾವ: ಹಳೇ ಇಂಗ್ಲಿಷಲ್ಲಿ ಅದರ ಮೂಲ ಅರ್ಥ ಗಟ್ಟಿ, ಬಿಗಿ ಅಂತ ಕಣಮ್ಮಾ. ನೇಮ ಗಟ್ಟಿಯಾಗಿ ಹಿಡಿದ್ರೆ ಉಪವಾಸ, ಅದನ್ನ ಮುರಿದ್ರೆ ಬ್ರೇಕ್‌ಫಾಸ್ಟು, ಗಾಢ ನಿದ್ದೆಗೆ ಫಾಸ್ಟ್ ಅಸ್ಲೀಪು, ಸೀರೆ ಅಂಗಡೀಲಿ ಫಾಸ್ಟ್ ಕಲರ್ ಅಂದ್ರೆ ಬಣ್ಣ ಬಿಡಲ್ಲ ಅಂತ (ನಂಬಬೇಡಿ, ಮೊದಲನೇ ಸಲ ಬೇರೆಯಾಗೇ ಒಗೀರಿ). ವೇಗದ ಅರ್ಥ ಆಮೇಲೆ ಬಂದಿದ್ದು, ಪಟ್ಟುಬಿಡದೆ ಜೋರಾಗಿ ಓಡೋದ್ರಿಂದ.

ಮಾಟುಂಗಾದವ: ಅಂದ್ರೆ ಅಲ್ಲಾಡದೆ ನಿಲ್ಲೋದಕ್ಕೂ ಅದೇ, ಓಡೋದಕ್ಕೂ ಅದೇ! ನಮ್ಮ ಮಾಟುಂಗಾದಲ್ಲಂತೂ ಫಾಸ್ಟ್ ನಿಲ್ಲೋದೇ ಇಲ್ಲ ಬಿಡಿ 😄

ಡೊಂಬಿವಲಿ ಅಮ್ಮ: ಥ್ಯಾಂಕ್ಸ್ ಮಾವ. ಹೇಳ್ದೆ, ಈಗ ಹೊಸ ಪ್ರಶ್ನೆ, ನಮ್ಮನೆ ಗಡಿಯಾರ ಐದು ನಿಮಿಷ ಫಾಸ್ಟ್ ಇದ್ಯಲ್ಲ, ಅದಕ್ಕೂ ಹಸಿವಾಗತ್ತಾ ಅಂತೆ.